ಮೂರನೇ ಕ್ಲಾಸು ಮುಗಿಸಿದ ಮಗಳಿಗೆ ಬೇಸಿಗೆ ಕ್ಲಾಸು: ಮೈಸೂರಲ್ಲಿ ಯಾವುದಕ್ಕೆ ಸೇರಿಸಲಿ?

ಕುವೆಂಪುನಗರದಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಮೂರನೇ ಕ್ಲಾಸು ಮುಗಿಸಿದ್ದಾಳೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೂ ರಜ. ಮಾರ್ಕ್ಸ್ ಚೆನ್ನಾಗೇ ಬರುತ್ತೆ, ಅದರ ಚಿಂತೆ ಇಲ್ಲ. ಪಜೀತಿ ಇರೋದು ಅವಳ ಪ್ರಶ್ನೆಗಳದ್ದು. ಮೊನ್ನೆ ಅಡುಗೆಮನೆ ಬಾಗಿಲಲ್ಲಿ ನಿಂತುಕೊಂಡು, ಅನ್ನಕ್ಕೆ ಮೂರು ಕೂಗು, ಬೇಳೆಗೆ ಐದು ಕೂಗು ಅಂತೀರಲ್ಲ, ಒಳಗೆ ಇರೋದು ಅಕ್ಕಿನೋ ಬೇಳೆನೋ ಅಂತ ಕುಕ್ಕರಿಗೆ ಹೇಗೆ ಗೊತ್ತಾಗುತ್ತೆ ಅಂದಳು. ನಮ್ಮತ್ತೆ "ನಿಮ್ಮಮ್ಮನ್ನ ಕೇಳು" ಅಂದರು. ನಾನು "ಅಪ್ಪನ್ನ ಕೇಳು" ಅಂದೆ. ಅವರು "ಸ್ಕೂಲಲ್ಲಿ ಮಿಸ್‌ನ ಕೇಳು" ಅಂದರು. ಸ್ಕೂಲಿಗೆ ರಜ.

ಪೇಪರ್ ಒಳಗಿಂದ ದಿನಾ ಒಂದೊಂದು ಪಾಂಪ್ಲೆಟ್ ಉದುರುತ್ತಿದೆ. ಅಬ್ಯಾಕಸ್, ವೇದಿಕ್ ಮ್ಯಾಥ್ಸ್, ರೊಬೋಟಿಕ್ಸ್, ಕೋಡಿಂಗ್, ಫೋನಿಕ್ಸ್, ಹ್ಯಾಂಡ್‌ರೈಟಿಂಗ್, ಜೊತೆಗೆ "ಮುಂದಿನ ತರಗತಿಯ ಪಾಠ ಮುಂಚಿತವಾಗಿ". ಎಲ್ಲದರಲ್ಲೂ ಅದೇ ಕನ್ನಡಕ ಹಾಕಿಕೊಂಡ ಮಗು ನಗುತ್ತಿದೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಮನೆಯಲ್ಲಿ ಅತ್ತೆ ಇದ್ದಾರೆ. ಐದಾರು ಸಾವಿರದವರೆಗೂ ಖರ್ಚು ಮಾಡಬಹುದು. ಸೇರಿಸಿದವರು ಯಾರಾದರೂ ಇದ್ದರೆ ನಿಜ ಹೇಳಿ.

ಸರಸ್ವತಿಪುರಂ ಸುಬ್ಬು:
ಮೇಡಂ, ನಿಜ ತಾನೇ? ಹೋದ ವರ್ಷ ನನ್ನ ಮಗನನ್ನ ಒಂದು "ಸೈನ್ಸ್ ಕ್ಯಾಂಪ್"ಗೆ ಸೇರಿಸಿದ್ದೆ. ಹೆಸರು ಹೇಳೋದಿಲ್ಲ. ಒಂದು ಮದುವೆ ಹಾಲ್, ಊಟದ ಟೇಬಲ್ಲು, ಒಂದೊಂದು ಟೇಬಲ್ಲಿಗೂ ಎಂಟು ಹತ್ತು ಮಕ್ಕಳು, ಎಲ್ಲರಿಗೂ ಸೇರಿ ಇಬ್ಬರು ಹುಡುಗಿಯರು, ಅವರಿಗೇ ಪಿಯುಸಿ ಮುಗಿದಿದೆಯೋ ಇಲ್ಲವೋ. ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿ ಜ್ವಾಲಾಮುಖಿ ಉಕ್ಕಿಸಿದರು. ಮಕ್ಕಳು ಹೋ ಅಂದರು. ನಮ್ಮವನು "ನಿಂಬೆರಸ ಹಾಕಿದರೂ ಉಕ್ಕುತ್ತಾ?" ಅಂತ ಕೇಳಿದ್ದಕ್ಕೆ "ಅದು ನಾಳೆ" ಅಂದರಂತೆ. ನಾಳೆ ಬಂದಿದ್ದು ಬಲೂನ್ ರಾಕೆಟ್ಟು. ಮನೆಗೆ ಬಂದು ಹಟ ಹಿಡಿದು ನಿಂಬೆಹಣ್ಣು ಕೊಯ್ಸಿ ಸಿಂಕಿನಲ್ಲಿ ಮಾಡಿಸಿದ. ಉಕ್ಕಿತು. ಮೂರು ಸಾವಿರ ಕೊಟ್ಟಿದ್ದು ಕ್ಯಾಂಪಿನವರಿಗೆ, ಕಲಿತಿದ್ದು ನಮ್ಮನೆ ಸಿಂಕಿನಲ್ಲಿ.

ಗೋಕುಲಂ ಅಕ್ಕ:
ಅಬ್ಯಾಕಸ್ ಬಗ್ಗೆ ನನ್ನ ಅನುಭವ. ದೊಡ್ಡವಳಿಗೆ ಬಹಳ ಹಿಡಿಸಿತು, ಈಗಲೂ ಬೆರಳಾಡಿಸಿಕೊಂಡು ಅಂಗಡಿ ಲೆಕ್ಕ ಹೇಳಿಬಿಡ್ತಾಳೆ. ಚಿಕ್ಕವನು ಎರಡನೇ ವಾರಕ್ಕೇ, ಮೇಲಿನ ಮಣಿ ಒಂದಕ್ಕೆ ಐದು ಯಾಕೆ, ಕೆಳಗೆ ನಾಲ್ಕೇ ಯಾಕೆ ಅಂತ ಶುರು ಮಾಡಿದ. ಮಿಸ್ಸು "ಅದು ಹಾಗೇ ಇರೋದು, ಸ್ಪೀಡ್ ನೋಡು" ಅಂದರು. ಅಲ್ಲಿಗೆ ಮುಗೀತು. ವೇಗ ಬೇಕಾದ ಮಗುವಿಗೆ ಅದು ಸರಿ. ನಿಮ್ಮ ಮಗಳು ಕುಕ್ಕರ್ ಕೇಸು, ನನ್ನ ಚಿಕ್ಕವನ ಪೈಕಿ.

ಮೇಷ್ಟ್ರು_ಕೋಟೆ:
ನಾನು ನಿವೃತ್ತ. ಎಚ್.ಡಿ. ಕೋಟೆ ಕಡೆಯ ಶಾಲೆಗಳಲ್ಲಿ ಬಹಳ ವರ್ಷ ಇದ್ದವನು, ಈಗ ಮೈಸೂರಲ್ಲೇ ಮನೆ. ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆ ಹಬ್ಬಿದ ನಲಿ-ಕಲಿ ಪದ್ಧತಿ 1995ರಲ್ಲಿ ಮೊದಲು ಶುರುವಾಗಿದ್ದು ನಮ್ಮ ಕೋಟೆ ತಾಲ್ಲೂಕಿನಲ್ಲೇ. ಮಗು ತನ್ನ ಮೆಟ್ಟಿಲನ್ನ ತಾನೇ ಹತ್ತಲಿ, ಪಕ್ಕದವನಿಗಾಗಿ ಕಾಯುವುದು ಬೇಡ, ಪಕ್ಕದವನ ಹಿಂದೆ ಓಡುವುದೂ ಬೇಡ ಅನ್ನುವುದು ಅದರ ಹೂರಣ. ಕಾರ್ಡು ಸುಕ್ಕಾಯಿತು, ಗೋಡೆ ಚಿತ್ರ ಹರಿಯಿತು, ಆದರೆ ಆ ಮಾತು ಇವತ್ತಿಗೂ ಸರಿ.

ಈಗ ಬೇಸಿಗೆ ಕ್ಲಾಸಿನ ವಿಷಯ. ಕುತೂಹಲದ ಮಕ್ಕಳಿಗೆ ಪಠ್ಯದ ಆಚೆಗೆ ಏನು ಕೊಡಬೇಕು ಅಂತ ಅಮೆರಿಕದ ರೆನ್ಜುಲಿ ಎಂಬ ಶಿಕ್ಷಣತಜ್ಞರು 1977ರಲ್ಲೇ ಬರೆದರು. ಬಿ.ಎಡ್. ಓದಿದವರಿಗೆ ನೆನಪಿರಬಹುದು. ಅವರು ಹೇಳಿದ್ದು ಮೂರು ಬಗೆ. ಒಂದು, ಮಗುವಿಗೆ ಶಾಲೆಯಲ್ಲಿ ಸಿಗದ ಸಂಗತಿಗಳನ್ನ ತೋರಿಸೋದು: ಹಕ್ಕಿ, ನಕ್ಷತ್ರ, ನಾಟಕ, ಯಂತ್ರ, ಏನಾದರೂ ಸರಿ. ಎರಡು, ಕೆಲಸದ ಕೈಚಳಕ ಕಲಿಸೋದು: ಅಳೆಯೋದು, ಬರೆದಿಡೋದು, ಹೋಲಿಸಿ ನೋಡೋದು, ಕೇಳಬೇಕಾದ ಪ್ರಶ್ನೆಯನ್ನ ಸರಿಯಾಗಿ ಕೇಳೋದು. ಮೂರನೆಯದು, ಮಗುವೇ ಒಂದು ಪ್ರಶ್ನೆ ಹಿಡಿದು, ಉತ್ತರ ಯಾರ ಹತ್ತಿರವೂ ಸಿದ್ಧ ಇಲ್ಲದಿರುವಾಗ, ಅದರ ಬೆನ್ನು ಹತ್ತೋದು. ನಮ್ಮೂರಿನ ಕ್ಯಾಂಪುಗಳು ನೂರಕ್ಕೆ ತೊಂಬತ್ತು ಮೊದಲನೆಯದರಲ್ಲೇ ನಿಂತುಬಿಡುತ್ತವೆ. ದಿನಕ್ಕೊಂದು ಹೊಸದು ತೋರಿಸಿ ಮನೆಗೆ ಕಳಿಸುತ್ತವೆ. ಸುಬ್ಬು ಅವರ ಮಗ ನಿಂಬೆಹಣ್ಣು ಕೇಳಿದನಲ್ಲ, ಆವತ್ತು ಅವನು ಮೂರನೆಯದರ ಹೊಸ್ತಿಲಲ್ಲಿ ನಿಂತಿದ್ದ. ಅವರು ಬಾಗಿಲು ಹಾಕಿಕೊಂಡರು.

ಹಾಗಾಗಿ ನನ್ನ ಸಲಹೆ ಇಷ್ಟೇ ಮಗಳೇ, ನಾಲ್ಕು ಕ್ಲಾಸಿಗೆ ಹಾಕಬೇಡಿ. ಒಂದು ಸಾಕು. ಮಿಕ್ಕ ಹೊತ್ತು ಅವಳದ್ದೇ ಒಂದು ಪ್ರಶ್ನೆಗೆ ಬಿಡಿ. ಮುಂದಿನ ತರಗತಿ ಪಾಠ ಮುಂಚಿತವಾಗಿ ಅನ್ನುವುದನ್ನಂತೂ ಹತ್ತಿರಕ್ಕೂ ಸೇರಿಸಬೇಡಿ. ಏಪ್ರಿಲ್‌ನಲ್ಲಿ ಕೋಚಿಂಗ್ ಅಂಗಡಿಯವರು ಹೇಳಿಕೊಟ್ಟದ್ದನ್ನೇ ಜೂನ್‌ನಲ್ಲಿ ಮಿಸ್ಸು ಹೇಳಿಕೊಡುವಾಗ ಅವಳು ಕಿಟಕಿ ನೋಡುತ್ತಾ ಕೂತಿರುತ್ತಾಳೆ, ಆಮೇಲೆ ನಿಮಗೆ ಶಾಲೆಯಿಂದ ಚೀಟಿ ಬರುತ್ತದೆ.

ಸಕ್ಕರೆನಾಡಿನವ:
ಮೇಷ್ಟ್ರೆ, ನೀವ್ ಹೇಳೋದೆಲ್ಲ ಮೈಸೂರ್ ಪೇಟೆ ಹೈಕ್ಳಿಗೆ ಸರಿ. ನಾವು ಮಂಡ್ಯದೋರು, ಹಳ್ಳಿ ಕಡೆಯೋರು. ನನ್ನ ಮಗ ನಾಲ್ಕನೇ ಕ್ಲಾಸ್ ಮುಗಿಸ್ದ. ಐದ್ರಲ್ಲಿ ನವೋದಯ ಪರೀಕ್ಷೆ. ಈ ಬೇಸ್ಗೆ ಪೂರ್ತಿ ಕೋಚಿಂಗು. 80 ಪ್ರಶ್ನೆ, 100 ಮಾರ್ಕ್ಸು, ಎರಡ್ ಗಂಟೆ ಟೈಮು. ಪಾಸಾದ್ರೆ ಆರನೇ ಕ್ಲಾಸಿಂದ ಹನ್ನೆರಡ್ರ ತನಕ ಊಟ, ಹಾಸ್ಟ್ಲು, ಲ್ಯಾಬು, ಲೈಬ್ರರಿ. ಮುಕ್ಕಾಲು ಪಾಲು ಸೀಟು ನಮ್ಮಂತ ಹಳ್ಳಿ ಹೈಕ್ಳಿಗೇ ಮೀಸ್ಲು. ನಿಮ್ ಮೂರನೇ ಬಗೆ ಏನಿದೆ, ಅದು ನಮ್ ಹುಡ್ಗುಂಗೆ ಅಲ್ಲೋಗಿ ಸಿಕ್ತದೆ. ಇಲ್ಲಿ ನಾನು ಗದ್ದೆ ನೋಡ್ಲೋ, ಅವ್ನ ಪ್ರಶ್ನೆ ನೋಡ್ಲೋ? ತಪ್ಪು ತಿಳ್ಕೋಬೇಡಿ.

ಮೇಷ್ಟ್ರು_ಕೋಟೆ:
ತಪ್ಪೇನು ತಿಳಿದುಕೊಳ್ಳಲಿ ಅಪ್ಪ, ನಾನೇ ಎಷ್ಟೋ ಮಕ್ಕಳಿಗೆ ಅರ್ಜಿ ತುಂಬಿಕೊಟ್ಟಿದ್ದೇನೆ. ಆದರೆ ಆ ಪತ್ರಿಕೆಯನ್ನ ಬಿಡಿಸಿ ನೋಡು. 80ರಲ್ಲಿ 40 ಪ್ರಶ್ನೆ ಮಾನಸಿಕ ಸಾಮರ್ಥ್ಯ, ಬರೀ ಚಿತ್ರಗಳು. ಯಾವುದು ಗುಂಪಿಗೆ ಸೇರದ್ದು, ಕನ್ನಡಿಯಲ್ಲಿ ಹೇಗೆ ಕಾಣುತ್ತೆ, ಕಾಗದ ಮಡಚಿ ತೂತು ಮಾಡಿ ಬಿಚ್ಚಿದರೆ ಹೇಗೆ ಬರುತ್ತೆ. 20 ಲೆಕ್ಕ, 20 ಭಾಷೆ. ಕಾಗದ ಮಡಚಿ ತೂತು ಮಾಡೋ ಪ್ರಶ್ನೆಗೆ ಮನೆಯಲ್ಲಿ ಹಳೇ ಪೇಪರ್ ಮಡಚಿ ಕತ್ತರಿಸಿ ನೋಡಿದ ಹುಡುಗ ಪರೀಕ್ಷೆ ಕೋಣೆಯಲ್ಲಿ ಕಣ್ಣು ಮುಚ್ಚಿ ಉತ್ತರ ಬರೆಯುತ್ತಾನೆ. ತಗಡಿನ ಶೀಟಿನ ಕೆಳಗೆ ಬೆಳಿಗ್ಗೆಯಿಂದ ಸಂಜೆವರೆಗೂ ಗೈಡು ತಿರುವಿದವನು ತಡಕಾಡುತ್ತಾನೆ. ದಿನಕ್ಕೆ ಒಂದೂವರೆ ಗಂಟೆ ಸಾಕು, ಮಿಕ್ಕಿದ್ದು ಬಿಡು.

ಸಕ್ಕರೆನಾಡಿನವ:
ಒಂದೂವರೆ ಗಂಟೆ ಯಾರು ಹೇಳ್ಕೊಡ್ತಾರೆ ಮೇಷ್ಟ್ರೆ? ನೀವು ಬತ್ತೀರಾ? 🙂 ಕೋಚಿಂಗ್ನೋರು ಪೂರ್ತಿ ದಿನ ಇಟ್ಕಂಡು ಮಧ್ಯಾಹ್ನ ಮುದ್ದೇನೂ ಹಾಕ್ತಾರೆ.

ವಿಜಯನಗರ ಎರಡನೇ ಹಂತ:
ಅಲ್ಲಿಗೆ ಬಂತು ನೋಡಿ ಅಸಲಿ ಮಾತು. ಮೇಷ್ಟ್ರೆ, ನಿಮ್ಮ ಮಾತು ಕೇಳೋಕೆ ಬಹಳ ಚೆಂದ, ಆದರೆ ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟು ಸಂಜೆ ಆರೂವರೆಗೆ ಬರೋ ನನ್ನಂಥವಳಿಗೆ ಕ್ಯಾಂಪು ಅಂದರೆ ಮೊದಲು ಮಗು ಇರೋಕೆ ಒಂದು ಜಾಗ. ಅಲ್ಲಿ ಜ್ವಾಲಾಮುಖಿನಾದರೂ ಉಕ್ಕಿಸಲಿ, ಪೇಪರ್ ಚೀಲನಾದರೂ ಮಾಡಿಸಲಿ, ಬೀಗ ಹಾಕಿದ ಮನೆಯಲ್ಲಿ ಟಿವಿ ಮುಂದೆ ಇರೋದಕ್ಕಿಂತ ವಾಸಿ. "ಅವಳ ಪ್ರಶ್ನೆಗೆ ಬಿಡಿ" ಅನ್ನೋಕೆ ಮನೆಯಲ್ಲಿ ಯಾರಾದರೂ ಇರಬೇಕಲ್ಲ. ಕುವೆಂಪುನಗರದವರಿಗೆ ಅತ್ತೆ ಇದ್ದಾರೆ, ಪುಣ್ಯ. ಈ ಚರ್ಚೆಯಲ್ಲಿ ಪ್ರತಿ ವರ್ಷ ಕ್ಯಾಂಪಿಗೆ ಹಾಕುವ ಅಮ್ಮಂದಿರ ಮೇಲೆ ಒಂದು ಮೊನಚು ಇರುತ್ತೆ, ಅದು ನನಗೆ ಸರಿಬರೋದಿಲ್ಲ.

ಶಿಬಿರದವ:
ನಾನು ಹತ್ತಾರು ವರ್ಷದಿಂದ ಮೈಸೂರಲ್ಲಿ ಮಕ್ಕಳ ಶಿಬಿರ ನಡೆಸುವವನು. ನನ್ನದರ ಪ್ರಚಾರ ಮಾಡಲ್ಲ, ಹೆಸರೂ ಹೇಳಲ್ಲ. ಒಳಗಿನ ಲೆಕ್ಕ ಹೇಳ್ತೀನಿ, ನೀವೇ ತೀರ್ಮಾನಿಸಿ.

ಹನ್ನೆರಡು ಮಕ್ಕಳಿಗೆ ಒಬ್ಬ ಒಳ್ಳೆ ಮೇಷ್ಟ್ರು ಅಂತ ಹೊರಟರೆ, ಜಾಗದ ಬಾಡಿಗೆ, ಸಂಬಳ, ಸಾಮಾನು ಸೇರಿ ಒಂದೊಂದು ಮಗುವಿನ ಶುಲ್ಕ ಏರುತ್ತೆ. ಪೋಷಕರು ಪಕ್ಕದ ಬೀದಿಯ ಎರಡೂವರೆ ಸಾವಿರದ ಕ್ಯಾಂಪಿಗೆ ಹೋಗ್ತಾರೆ. ಅವರು ನಲವತ್ತು ಮಕ್ಕಳನ್ನ ತುಂಬಿಕೊಂಡೇ ಎರಡೂವರೆ ಸಾವಿರಕ್ಕೆ ಇಳಿದಿರೋದು. ರೊಬೋಟ್ ಕಿಟ್ ಬೆಲೆ ಇನ್ನೊಂದು ಕಥೆ. ನಾಲ್ಕು ಮಕ್ಕಳಿಗೆ ಒಂದು ಕಿಟ್ ಅಂದರೆ ಒಬ್ಬ ಕಟ್ಟುತ್ತಾನೆ, ಮೂವರು ನೋಡ್ತಾರೆ. ಸೇರಿಸೋ ಮೊದಲು ಈ ಒಂದೇ ಪ್ರಶ್ನೆ ಕೇಳಿ ಸಾಕು: ನನ್ನ ಮಗುವಿನ ಕೈಗೆ ಕಿಟ್ ಎಷ್ಟು ಹೊತ್ತು ಸಿಗುತ್ತೆ?

ಕೋಡಿಂಗ್‌ಗೆ ದುಡ್ಡು ಕೊಡೋ ಮುಂಚೆ ಇನ್ನೊಂದು ತಿಳಿದಿರಲಿ. ಬಹಳ ಕ್ಲಾಸಿನವರು ಕಲಿಸೋದು ಸ್ಕ್ರ್ಯಾಚ್. ಅದು ಅಮೆರಿಕದ ಎಂಐಟಿಯವರು 2007ರಲ್ಲಿ ಬಿಟ್ಟಿದ್ದು, ಪೂರ್ತಿ ಉಚಿತ, 8ರಿಂದ 16 ವರ್ಷದವರಿಗೆ ಅಂತಲೇ ಮಾಡಿದ್ದು. ಬಣ್ಣದ ತುಂಡುಗಳನ್ನ ಒಂದಕ್ಕೊಂದು ಜೋಡಿಸಿದರೆ ಬೆಕ್ಕು ನಡೆಯುತ್ತೆ. ಕಂಪ್ಯೂಟರ್ ಇರೋ ಮನೆಯಲ್ಲಿ ಎರಡು ದಿನ ಜೊತೆಗೆ ಕೂತರೆ ಮಗು ತಾನೇ ಮುಂದೆ ಹೋಗುತ್ತೆ.

ಮತ್ತೆ ಈ "ಒಲಿಂಪಿಯಾಡ್ ತರಬೇತಿ" ಅಂತ ಒಂದನೇ ಕ್ಲಾಸಿನಿಂದಲೇ ಶುರು ಮಾಡ್ತಾರಲ್ಲ. ದೇಶದ ಅಧಿಕೃತ ಗಣಿತ ಒಲಿಂಪಿಯಾಡ್ ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಉಸ್ತುವಾರಿಯದು, ಅದರ ಮೊದಲ ಮೆಟ್ಟಿಲು ಏರೋದೇ 8ನೇ ತರಗತಿ ಮೇಲಿನವರು. ಚಿಕ್ಕ ಮಕ್ಕಳಿಗೆ ಅದೇ ಹೆಸರಲ್ಲಿ ನಡೆಯೋದು ಖಾಸಗಿ ಪರೀಕ್ಷೆಗಳು. ಬರೆಸಬೇಡಿ ಅಂತಲ್ಲ, ಬೇರೆ ಬೇರೆ ಅಂತ ಗೊತ್ತಿರಲಿ.

ಕೊನೆಯದಾಗಿ ನಮ್ಮ ಕಸುಬಿನ ರೋಗ. ಸಮಾರೋಪದ ದಿನ ಪೋಷಕರು ಬಂದು ಏನಾದರೂ ನೋಡಬೇಕು. ಅದಕ್ಕಾಗಿ ಕೊನೆಯ ಮೂರು ನಾಲ್ಕು ದಿನ ಡ್ಯಾನ್ಸು, ಭಾಷಣ, ಚಾರ್ಟು. ನಿಮ್ಮ ಮಗು ಪ್ರಯೋಗ ಅರ್ಧಕ್ಕೆ ಬಿಟ್ಟು ಸ್ಟೇಜ್ ಮೇಲೆ ಎರಡನೇ ಸಾಲಲ್ಲಿ ನಿಂತಿರುತ್ತೆ. ವೀಡಿಯೊ ಮಾಡಿಕೊಂಡು ಖುಷಿಯಾಗಿ ಹೋಗ್ತೀರಿ. ನಾನು ಒಂದು ವರ್ಷ ಸಮಾರೋಪ ಬೇಡ ಅಂದೆ, ಮುಂದಿನ ವರ್ಷ ಅರ್ಧ ಬ್ಯಾಚು ಖಾಲಿ.

ಸರಸ್ವತಿಪುರಂ ಸುಬ್ಬು:
ಹಾಹಾ, ಎರಡನೇ ಸಾಲು. ನಮ್ಮವನು ಮೂರನೇ ಸಾಲು ಸಾರ್, ಬಾಳೆಗಿಡದ ಹಿಂದೆ.

ಜೆ.ಎಲ್.ಬಿ. ರಸ್ತೆ:
ನಾಟಕ ಆಗಬಹುದಾದರೆ ರಂಗಾಯಣದ ಚಿಣ್ಣರ ಮೇಳ ನೋಡಿ. ಬಿ.ವಿ. ಕಾರಂತರು ಕಟ್ಟಿದ ರಂಗಾಯಣ, 1989ರದ್ದು. ಅಲ್ಲಿ ಸಮಾರೋಪಕ್ಕಾಗಿ ಕಲಿಕೆ ನಿಲ್ಲಲ್ಲ, ಯಾಕೆಂದರೆ ನಾಟಕ ಕಟ್ಟೋದೇ ಕಲಿಕೆ. ಮುಖವಾಡ ಮಾಡಿಸ್ತಾರೆ, ಹಾಡಿಸ್ತಾರೆ, ಮಣ್ಣಲ್ಲಿ ಬಿಡ್ತಾರೆ. ಸಂಜೆ ಮನೆಗೆ ಬಂದ ಬಟ್ಟೆ ನೋಡಿದರೆ ಗೊತ್ತಾಗುತ್ತೆ. ಸೀಟು ಸಿಗೋದು ಮಾತ್ರ ಕಷ್ಟ, ಅರ್ಜಿ ಕೊಡೋ ದಿನ ಬೇಗ ಹೋಗಿ ಸಾಲಲ್ಲಿ ನಿಲ್ಲಬೇಕು. ವಯಸ್ಸಿನ ಮಿತಿ ವಿಚಾರಿಸಿಕೊಳ್ಳಿ.

ಪ್ರಶ್ನೆ ಕೇಳೋ ಮಗು ಅಂದಿರಲ್ಲ, ಕಾರಂಜಿ ಕೆರೆ ದಂಡೆಯ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯನೂ ಇದೆ. 1995ರಿಂದ ಇದ್ದರೂ ಮೈಸೂರಿನ ಎಷ್ಟೋ ಮಂದಿ ಒಳಗೆ ಕಾಲಿಟ್ಟಿಲ್ಲ, ಝೂಗೆ ಹೋಗಿ ವಾಪಸ್ ಬಂದುಬಿಡ್ತಾರೆ. ಬೇಸಿಗೆಯಲ್ಲಿ ಮಕ್ಕಳಿಗೆ ನಿಸರ್ಗ ಶಿಬಿರ ಮಾಡ್ತಾರೆ. ಸೋಮವಾರ ರಜ. ಫೋನ್ ಮಾಡಿ ಕೇಳೋದಕ್ಕಿಂತ ನೇರ ಹೋಗಿ ನೋಟಿಸ್ ಬೋರ್ಡ್ ನೋಡಿ.

ಪ್ರಯೋಗಾಲಯದಾಕೆ:
ಕುಕ್ಕರ್ ಪ್ರಶ್ನೆಗೆ ಇಷ್ಟು ಜನ ಬಂದು ಹೋದರೂ ಯಾರೂ ಉತ್ತರ ಹೇಳಿಲ್ಲವಲ್ಲ! ನಾನು ಆಹಾರ ಸಂಶೋಧನೆ ಕ್ಷೇತ್ರದವಳು, ನಾನೇ ಹೇಳ್ತೀನಿ.

ಕುಕ್ಕರಿಗೆ ಏನೂ ಗೊತ್ತಾಗಲ್ಲ. ಒಳಗೆ ಹಬೆಯ ಒತ್ತಡ ಒಂದು ಮಟ್ಟ ಮುಟ್ಟಿದಾಗ ಮೇಲಿನ ವೇಟ್ ಎತ್ತಿಕೊಳ್ಳುತ್ತೆ, ಹಬೆ ಹೋಗುತ್ತೆ, ವೇಟ್ ಮತ್ತೆ ಕೂರುತ್ತೆ. ಅಕ್ಕಿಗೂ ಬೇಳೆಗೂ ಅದೇ ಒತ್ತಡ, ಹೆಚ್ಚು ಕಮ್ಮಿ ಅದೇ ಶಾಖ. ಬೇಳೆ ಬೇಯಲು ಹೊತ್ತು ಹೆಚ್ಚು ಬೇಕು, ಅಷ್ಟೇ. ನಾವು ಕೂಗು ಎಣಿಸ್ತೀವಲ್ಲ, ಎಣಿಸ್ತಿರೋದು ಹೊತ್ತನ್ನ. ಉರಿ ಜಾಸ್ತಿ ಇಟ್ಟರೆ ಕೂಗು ಬೇಗ ಬೇಗ ಬರುತ್ತೆ, ಐದು ಕೂಗಾದರೂ ಬೇಳೆ ಬೆಂದಿರಲ್ಲ. ಇದನ್ನ ನಿಮ್ಮ ಮಗಳಿಗೆ ಹೇಳಬೇಡಿ! ಗಡಿಯಾರ, ನೋಟ್‌ಬುಕ್ಕು ಕೊಡಿ. ಅಜ್ಜಿ ಒಲೆ ಹಚ್ಚಲಿ, ಅವಳು ದೂರ ಕೂತು ಒಂದೊಂದು ಕೂಗಿನ ಟೈಮ್ ಬರೆದುಕೊಳ್ಳಲಿ, ದೊಡ್ಡ ಉರಿಗೆ ಒಂದು ದಿನ, ಸಣ್ಣ ಉರಿಗೆ ಒಂದು ದಿನ. ವಾರದಲ್ಲಿ ತಾನೇ ಹೇಳ್ತಾಳೆ. ಮೇಷ್ಟ್ರು ಹೇಳಿದ ಎರಡನೇ ಬಗೆ, ಮೂರನೇ ಬಗೆ ಎರಡೂ ಅದರಲ್ಲಿದೆ, ಶುಲ್ಕ ಸೊನ್ನೆ.

ಅದರ ಮುಂದಿನ ಹೆಜ್ಜೆ ಬೇಕಾದರೆ: ಪಠ್ಯದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತೆ ಅಂತ ಇರುತ್ತೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ, ಇಲ್ಲಿ ತೆರೆದ ಪಾತ್ರೆಯಲ್ಲಿ 97-98ಕ್ಕೇ ಕುದಿಯುತ್ತೆ. ಕುಕ್ಕರ್ ಒಳಗೆ 120ರ ಹತ್ತಿರ ಹೋಗುತ್ತೆ. ಒಳ್ಳೆ ಥರ್ಮಾಮೀಟರ್ ಇದ್ದರೆ (ಜ್ವರ ನೋಡೋದಲ್ಲ, ದಯವಿಟ್ಟು) ತೆರೆದ ಪಾತ್ರೆಯದ್ದನ್ನ ದೊಡ್ಡವರು ಜೊತೆಗಿದ್ದು ಅಳೆಯಬಹುದು. ಪುಸ್ತಕದಲ್ಲಿ ಇರೋದಕ್ಕೂ ನಮ್ಮನೆಯಲ್ಲಿ ಸಿಗೋದಕ್ಕೂ ವ್ಯತ್ಯಾಸ ಬಂದಾಗ ಮಗುವಿನ ಮುಖ ನೋಡಬೇಕು.

ಇನ್ನೊಂದು ಇದೆ, ತಾರೀಖು ಗುರುತು ಹಾಕಿಕೊಳ್ಳಿ. ಏಪ್ರಿಲ್ 22ರ ಆಸುಪಾಸು ಮೈಸೂರಲ್ಲಿ ಶೂನ್ಯ ನೆರಳಿನ ದಿನ. ಮಧ್ಯಾಹ್ನ 12 ಗಂಟೆ 22 ನಿಮಿಷದ ಸುಮಾರಿಗೆ ಸೂರ್ಯ ನೆತ್ತಿಯ ಮೇಲೇ. ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ನೆರಳೇ ಇರಲ್ಲ. ತಾರಸಿ ಮೇಲೆ ಬಿಳಿ ಹಾಳೆ ಹಾಸಿ, ಒಂದು ಸ್ಟೀಲ್ ಲೋಟ ಬೋರಲು ಹಾಕಿ, ಹನ್ನೊಂದೂವರೆಯಿಂದ ಹತ್ತು ನಿಮಿಷಕ್ಕೊಂದು ಸಲ ನೆರಳಿನ ತುದಿಗೆ ಚುಕ್ಕೆ ಇಡಲಿ. ಚುಕ್ಕೆಗಳು ಲೋಟದ ಹತ್ತಿರ ಹತ್ತಿರ ಬಂದು, ಆಮೇಲೆ ಆಚೆ ಕಡೆಗೆ ಹೋಗುತ್ತವೆ. ಹನ್ನೆರಡಕ್ಕೆ ಸರಿಯಾಗಿ ಯಾಕೆ ಆಗಲ್ಲ ಅಂತ ಕೇಳೇ ಕೇಳ್ತಾಳೆ. ನಮ್ಮ ಗಡಿಯಾರ ಓಡೋದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಮೈಸೂರು ಅದಕ್ಕಿಂತ ಪಶ್ಚಿಮಕ್ಕಿದೆ, ಸೂರ್ಯ ನಮ್ಮ ನೆತ್ತಿಗೆ ಬರೋದು ತಡ. ಬೆಂಗಳೂರಿನಲ್ಲಿ ಇದೇ ಘಟನೆ ಎರಡು ದಿನ ಬಿಟ್ಟು, 24ರ ಸುಮಾರಿಗೆ. ಅಲ್ಲಿ ನೆಂಟರ ಮಕ್ಕಳು ಯಾರಾದರೂ ಇದ್ದರೆ ಅವರಿಗೂ ಅದೇ ದಿನ ಲೋಟ ಇಡೋಕೆ ಹೇಳಿ, ಎರಡೂ ಊರಿನ ನೆರಳು ಹೋಲಿಸಿ. ಭೂಮಿ ಎಷ್ಟು ದೊಡ್ಡದು ಅಂತ ಗ್ರೀಕ್ ವಿದ್ವಾಂಸ ಎರಟೋಸ್ಥನೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಲೆಕ್ಕ ಹಾಕಿದ್ದು ಈ ವ್ಯತ್ಯಾಸದಿಂದಲೇ. ಆವತ್ತು ಮೋಡ ಇದ್ದರೆ ಆಗಸ್ಟ್ 20ರ ಹೊತ್ತಿಗೆ ಇನ್ನೊಂದು ಸಲ ಬರುತ್ತೆ. ಬರೀ ಕಣ್ಣಲ್ಲಿ ಸೂರ್ಯನನ್ನ ನೋಡಬಾರದು ಅಂತ ಹೇಳಿಟ್ಟಿರಿ.

ಗೋಕುಲಂ ಅಕ್ಕ:
ಮೈಸೂರಲ್ಲೇ ಹುಟ್ಟಿ ಬೆಳೆದೆ, ನನಗೆ ಈ 12:22 ಗೊತ್ತೇ ಇರಲಿಲ್ಲ.

ಅಗ್ರಹಾರದ ಹಳೇಮನೆ:
ಗಣಿತದ ಮಕ್ಕಳಿಗೆ ನಮ್ಮೂರಿನದ್ದೇ ಒಂದು ವಸ್ತು ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಹಾಸಿನ ಆಟಗಳ ಹುಚ್ಚು. ಚದುರಂಗದ ಕುದುರೆಯನ್ನ 64 ಮನೆಗೂ ಒಂದೊಂದೇ ಸಲ ನಡೆಸಿ, ಹೋದ ಕ್ರಮದಲ್ಲಿ ಒಂದರಿಂದ 64ರವರೆಗೆ ಅಂಕಿ ತುಂಬಿದರೆ, ಯಾವ ಅಡ್ಡಸಾಲು, ಯಾವ ಕಂಬಸಾಲು ಕೂಡಿದರೂ 260 ಬರೋ ಬಂಧವನ್ನ ಅವರು ರಚಿಸಿದ್ದರು. ಚದುರಂಗದ ಚರಿತ್ರೆ ಬರೆಯುವವರು ಈಗಲೂ ಅದನ್ನ ಹೇಳ್ತಾರೆ. ಮೂಲೆಯಿಂದ ಮೂಲೆಗೂ 260 ಬರಬೇಕು ಅಂದರೆ ಸಾಧ್ಯವೇ ಇಲ್ಲ ಅಂತ 2003ರಲ್ಲಿ ಕಂಪ್ಯೂಟರ್‌ಗಳನ್ನ ಎರಡು ತಿಂಗಳು ಓಡಿಸುವಷ್ಟು ಲೆಕ್ಕ ಮಾಡಿ ಖಚಿತಪಡಿಸಿದರು.

ಮೂರನೇ ಕ್ಲಾಸಿನ ಮಗುವಿಗೆ 64 ಮನೆ ಜಾಸ್ತಿ. 5 ಮನೆಗೆ 5 ಮನೆ ಚೌಕ ಬರೆದುಕೊಡಿ, ಕುದುರೆಯನ್ನ ಮೂಲೆಯಿಂದ ಹೊರಡಿಸಿ 25 ಮನೆ ಮುಟ್ಟಿಸು ಅನ್ನಿ. ಆಗುತ್ತೆ. ಆಮೇಲೆ ಮೂಲೆಯ ಪಕ್ಕದ ಮನೆಯಿಂದ ಹೊರಡಿಸು ಅನ್ನಿ. ಎಷ್ಟು ತಿಣುಕಿದರೂ ಆಗಲ್ಲ. ಯಾಕೆ ಆಗಲ್ಲ ಅನ್ನೋದು ಕಪ್ಪು ಬಿಳಿ ಮನೆ ಎಣಿಸಿದರೆ ತಿಳಿಯುತ್ತೆ: ಒಂದು ಬಣ್ಣ 13, ಇನ್ನೊಂದು 12, ಕುದುರೆ ಪ್ರತಿ ಹೆಜ್ಜೆಗೂ ಬಣ್ಣ ಬದಲಿಸುತ್ತೆ. 13 ಇರೋ ಬಣ್ಣದಿಂದಲೇ ಹೊರಡಬೇಕು. ಇದನ್ನ ಹೇಳಿಕೊಡದೆ ಸುಮ್ಮನೆ ಇರೋದೇ ದೊಡ್ಡವರಿಗೆ ಕಷ್ಟ. ನಮ್ಮ ಮೊಮ್ಮಗ ಜಗಲಿ ಮೇಲೆ ಹುಣಿಸೆಬೀಜ ಇಟ್ಟುಕೊಂಡು ಎರಡು ದಿನ ಮುನಿಸಿಕೊಂಡಿದ್ದ, ಊಟಕ್ಕೂ ಎದ್ದು ಬರಲಿಲ್ಲ, ಅವರಮ್ಮ ನನಗೆ ಬೈದಳು.

ವಿಜಯನಗರ ಎರಡನೇ ಹಂತ:
ಇದು ಚೆನ್ನಾಗಿದೆ. ಇದಕ್ಕೆ ಯಾರೂ ಮನೆಯಲ್ಲಿ ಇರಬೇಕಿಲ್ಲ. ಬೆಳಿಗ್ಗೆ ಚೌಕ ಬರೆದಿಟ್ಟು ಹೋಗ್ತೀನಿ.

ಮದ್ದೂರ್ ಮಂಜಿ:
ನಾನು ಮದ್ದೂರ್ ತಾಲ್ಲೂಕಿನವಳು. ನಮ್ಮ ಪಂಚಾಯ್ತಿ ಲೈಬ್ರರಿಗೆ ಈಗ ಅರಿವು ಕೇಂದ್ರ ಅಂತ ಹೆಸರು. "ಓದುವ ಬೆಳಕು" ಅಂತ ಮಾಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದ್ದಾರೆ. ಬೇಸಿಗೆಯಲ್ಲಿ ಶಿಬಿರನೂ ಮಾಡ್ತಾರೆ, ನಮ್ಮಲ್ಲಿ ಕತೆ ಓದೋದು, ಕೇರಂ, ಚೆಸ್ಸು, ಕಾಗದದ ಕೆಲಸ. ದುಡ್ಡಿಲ್ಲ. ಎಲ್ಲಾ ಊರಲ್ಲೂ ಇಷ್ಟು ಚೆನ್ನಾಗಿ ನಡೀತದೆ ಅನ್ನಲ್ಲ, ಲೈಬ್ರರಿ ನೋಡ್ಕೊಳ್ಳೋರು ಹೆಂಗೋ ಹಂಗೆ. ನಮ್ಮ ಅಕ್ಕ ಬೀಗ ತೆಗೆದು ಕೂರ್ತಾರೆ, ಹಂಗಾಗಿ ನಡೀತದೆ.

ಸಕ್ಕರೆನಾಡಿನ ಅಣ್ಣ, ನಿಮ್ಮ ಹುಡುಗನ್ನ ಒಂದು ಭಾನುವಾರ ಕೊಕ್ಕರೆ ಬೆಳ್ಳೂರಿಗೆ ಕರ್ಕೊಂಬನ್ನಿ, ನಮ್ಮ ಕಡೆಯೇ. ಹುಣಿಸೇ ಮರದ ತುಂಬಾ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ. ಏಪ್ರಿಲ್‌ನಲ್ಲಿ ಮರಿಗಳು ಕೋಳಿಗಿಂತ ದಪ್ಪ ಇರ್ತವೆ, ಇನ್ನೂ ಹಾರಕ್ಕೆ ಬರಲ್ಲ. ಕೆಳಗೆ ಬಿದ್ದ ಮರೀನ ಊರೋರು ಸಾಕ್ತಾರೆ, ಹೆಜ್ಜಾರ್ಲೆ ಬಳಗ ಅಂತಲೇ ಇದೆ. 2007ರಲ್ಲಿ ಸರ್ಕಾರ ಸಮುದಾಯ ಮೀಸಲು ಪ್ರದೇಶ ಅಂತ ಮಾಡ್ತು. ರಂಗನತಿಟ್ಟಲ್ಲಿ ದೋಣಿ ಮೇಲಿಂದ ನೋಡ್ತೀರಿ, ಇಲ್ಲಿ ತಲೆ ಮೇಲೇ ಗೂಡು. ಟೋಪಿ ಹಾಕ್ಕೊಂಡ್ ಬನ್ನಿ, ಯಾಕೆ ಅಂತ ಬಂದಮೇಲೆ ಗೊತ್ತಾಗ್ತದೆ.

ಸಕ್ಕರೆನಾಡಿನವ:
ಆಯ್ತು ಕಣಕ್ಕ, ಭಾನ್ವಾರ ಕೋಚಿಂಗ್ ರಜ. ಆ ಕುದ್ರೆ ಆಟನೂ ತೋರುಸ್ತೀನಿ. ಆದ್ರೂ ನವೋದಯ ಬುಡಲ್ಲ.

ಮೇಷ್ಟ್ರು_ಕೋಟೆ:
ಬಿಡಬೇಡ. ಕಾಗದ ಮಡಚೋದು ಮಾತ್ರ ಮರೀಬೇಡ.

ವಿಜಯನಗರದ ಮಗಳೇ, ನಿಮ್ಮ ಮಾತು ನ್ಯಾಯವಾದದ್ದು. ಬೀಗ ಹಾಕಿದ ಮನೆಗಿಂತ ಕ್ಯಾಂಪು ವಾಸಿ, ಅದರಲ್ಲಿ ಎರಡು ಮಾತಿಲ್ಲ. ಹಾಗೆ ಹಾಕುವವರು ಶಿಬಿರದವರು ಹೇಳಿದಂತೆ ಕೇಳಿ ನೋಡಿ ಹಾಕಿ. ನನ್ನದೊಂದು ಸೇರಿಸುತ್ತೇನೆ: ಒಂದು ದಿನ ಬಾಗಿಲಲ್ಲಿ ನಿಂತು, ಒಳಗೆ ಪ್ರಶ್ನೆ ಕೇಳುತ್ತಿರುವುದು ಯಾರು ಅಂತ ಕೇಳಿಸಿಕೊಳ್ಳಿ. ಮೇಷ್ಟ್ರೊಬ್ಬರೇ ಕೇಳುತ್ತಿದ್ದರೆ, ಮಕ್ಕಳು ಒಕ್ಕೊರಲಿನಲ್ಲಿ "ಎಸ್ ಸಾರ್" ಅನ್ನುತ್ತಿದ್ದರೆ, ಬೇರೆ ಕಡೆ ನೋಡಿ.

ಸರಸ್ವತಿಪುರಂ ಸುಬ್ಬು:
ಬಾಗಿಲಲ್ಲಿ ನಿಲ್ಲೋಕೆ ಬಿಡಲ್ಲ ಮೇಷ್ಟ್ರೆ, ಗೇಟಲ್ಲೇ ಸೆಕ್ಯುರಿಟಿ.

ಮೇಷ್ಟ್ರು_ಕೋಟೆ:
ಹಾಗಿದ್ದರೆ ಅದೇ ಉತ್ತರ.

ಕುವೆಂಪುನಗರದಮ್ಮ:
ಇಷ್ಟೊಂದು ಬರುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಅಬ್ಯಾಕಸ್ ಕೈಬಿಟ್ಟೆ. ಚಿಣ್ಣರ ಮೇಳಕ್ಕೆ ಅರ್ಜಿ ಹಾಕ್ತೀನಿ, ಸಿಗದಿದ್ದರೆ ಕಾರಂಜಿ ಕೆರೆಯ ಮ್ಯೂಸಿಯಂ ವಿಚಾರಿಸ್ತೀನಿ. ಬೇರೆ ಯಾವುದೂ ಇಲ್ಲ. ಕುಕ್ಕರ್ ಪ್ರಯೋಗ ನಿನ್ನೆಯಿಂದಲೇ ಶುರುವಾಗಿದೆ, ನಮ್ಮತ್ತೆ ಕೈಯಲ್ಲಿ ಗಡಿಯಾರ, ಅವಳ ಕೈಯಲ್ಲಿ ಪುಸ್ತಕ. ಸಣ್ಣ ಉರಿಯಲ್ಲಿ ಮೊದಲ ಕೂಗಿಗೆ ಹದಿನಾಲ್ಕು ನಿಮಿಷ ಅಂತ ಬರೆದಿದ್ದಾಳೆ. ಅತ್ತೆಗೆ ಗ್ಯಾಸ್ ಖರ್ಚಿನ ಚಿಂತೆ, ಆದರೂ ಬಿಟ್ಟು ಏಳ್ತಿಲ್ಲ. ಪ್ರಯೋಗಾಲಯದವರೇ, ಒಂದು ಅನುಮಾನ: ಕುಕ್ಕರಲ್ಲಿ ನೀರು ಜಾಸ್ತಿ ಹಾಕಿದರೆ ಮೊದಲ ಕೂಗು ತಡ ಆಗುತ್ತಾ ಅಂತ ಕೇಳ್ತಿದ್ದಾಳೆ. ಹೇಳಲಾ?

ಪ್ರಯೋಗಾಲಯದಾಕೆ:
ಹೇಳಬೇಡಿ. ಹಾಕಿ ನೋಡಲಿ. ಅರ್ಧಕ್ಕಿಂತ ಮೇಲೆ ಮಾತ್ರ ತುಂಬಿಸಬೇಡಿ, ಗ್ಯಾಸ್ಕೆಟ್ಟು, ಸೇಫ್ಟಿ ವಾಲ್ವು ಒಂದು ಸಲ ನೋಡಿಕೊಳ್ಳಿ. 22ಕ್ಕೆ ನಾನು ಕುಕ್ಕರಹಳ್ಳಿ ಕೆರೆ ಗೇಟಿನ ಹತ್ತಿರ ಇರ್ತೀನಿ, ಒಂದು ಉದ್ದದ ಕೋಲು, ನೂಲುಗುಂಡು ತರ್ತೀನಿ. ಮಕ್ಕಳನ್ನ ಕರೆತರೋರು ಹನ್ನೊಂದೂವರೆಗೆ ಬನ್ನಿ, ನೀರು, ಟೋಪಿ ಮರೀಬೇಡಿ. ಹತ್ತು ಹನ್ನೆರಡು ಮಕ್ಕಳಿಗಿಂತ ಜಾಸ್ತಿ ಬೇಡ, ಶಿಬಿರದವರ ಲೆಕ್ಕ ನನಗೂ ಅನ್ವಯ.

ಸರಸ್ವತಿಪುರಂ ಸುಬ್ಬು:
ನಮ್ಮವನು ಒಬ್ಬ. ಬರೆದುಕೊಳ್ಳಿ.

ಗೋಕುಲಂ ಅಕ್ಕ:
ನನ್ನವರು ಇಬ್ಬರು. ದೊಡ್ಡವಳು ಲೆಕ್ಕ ಬರೆದುಕೊಳ್ಳೋಕೆ ಆಗ್ತಾಳೆ.

ಹೆಬ್ಬಾಳ್ ಹೊಸಬ:
ನಮಸ್ತೆ, ಇದರ ಮಧ್ಯೆ ಕೇಳ್ತಿದ್ದೀನಿ, ಏಳು ವರ್ಷದ ಹುಡುಗನಿಗೆ ಈಜು ಕಲಿಸೋಕೆ ಎಲ್ಲಿ ಚೆನ್ನಾಗಿದೆ?

ಅಗ್ರಹಾರದ ಹಳೇಮನೆ:
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಸ್ವಾಮಿ, ಇಲ್ಲಿ ಕೇಳಿದರೆ ಮೇಷ್ಟ್ರು ಆರ್ಕಿಮಿಡೀಸ್‌ನಿಂದ ಶುರು ಮಾಡ್ತಾರೆ.